ಓದುಗರು ಕೇಳಿದ್ದು: ಪಾಕಿಸ್ತಾನದ ಸಹಿ ಯಾರದು?

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಪಾಕಿಸ್ತಾನದ ಅಧ್ಯಕ್ಷ ಪದವಿಯ ಬಗ್ಗೆಯೇ ಹೆಚ್ಚು ಪ್ರಶ್ನೆಗಳಿದ್ದವು. ಒಂದೇ ಅರ್ಥದವನ್ನು ಕೂಡಿಸಿ ಉತ್ತರಿಸಿದ್ದೇವೆ.

ತೋಟದಲ್ಲಾದರೆ ಯಜಮಾನರು ಯಾರು, ರೈಟರು ಯಾರು ಅಂತ ಗೊತ್ತಿರುತ್ತದೆ. ಪಾಕಿಸ್ತಾನದ ಸುದ್ದಿಯಲ್ಲಿ ಒಂದು ದಿನ ಅಧ್ಯಕ್ಷ ಜರ್ದಾರಿ, ಮರುದಿನ ಪ್ರಧಾನಿ ಶೆಹಬಾಜ್, ಅದರ ಮರುದಿನ ಫೀಲ್ಡ್ ಮಾರ್ಷಲ್ ಮುನೀರ್. ಅಲ್ಲಿ ಆಳುವವರು ಯಾರು? (ಗೋಣಿಕೊಪ್ಪಲು)

ನಿಮ್ಮ ಹೋಲಿಕೆಯನ್ನೇ ಹಿಡಿಯೋಣ. ಯಜಮಾನರು ರಾವಲ್ಪಿಂಡಿಯ ಸೇನಾ ಕೇಂದ್ರದಲ್ಲಿದ್ದಾರೆ, ರೈಟರು ಇಸ್ಲಾಮಾಬಾದಿನಲ್ಲಿ. ಗೇಟಿನ ಬೋರ್ಡಿನ ಮೇಲಿರುವುದು ಅಧ್ಯಕ್ಷರ ಹೆಸರು.

ಕಾಗದದ ಮೇಲೆ ಲೆಕ್ಕ ಬೇರೆ. 1973ರ ಸಂವಿಧಾನದಲ್ಲಿ ಸರ್ಕಾರದ ಮುಖ್ಯಸ್ಥರು ಪ್ರಧಾನಿ. 48ನೇ ವಿಧಿಯಂತೆ ಅಧ್ಯಕ್ಷರು ಅವರ ಸಲಹೆಯನ್ನು 15 ದಿನದೊಳಗೆ ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ 10 ದಿನದಲ್ಲಿ ಒಪ್ಪಲೇಬೇಕು. ಸೇನಾ ಮುಖ್ಯಸ್ಥರ ನೇಮಕವೂ 243ನೇ ವಿಧಿಯಡಿ ಪ್ರಧಾನಿಯ ಸಲಹೆಯಂತೆಯೇ. 2022ರ ನವೆಂಬರ್ 24ರಂದು ಮುನೀರ್ ನೇಮಕದ ಕಡತ ಬಂದಾಗ ಅಧ್ಯಕ್ಷ ಆರಿಫ್ ಅಲ್ವಿ ಲಾಹೋರಿಗೆ ಹಾರಿ ತಮ್ಮ ನಾಯಕ ಇಮ್ರಾನ್ ಖಾನರನ್ನು ಕಂಡು ಬಂದರು, ಅದೇ ದಿನ ಸಹಿಯನ್ನೂ ಹಾಕಿದರು. ತಡೆದಿದ್ದರೂ ಸಿಗುತ್ತಿದ್ದದ್ದು ಕೆಲವು ದಿನ ಮಾತ್ರ. ಅಣ್ವಸ್ತ್ರಗಳ ಉಸ್ತುವಾರಿ ಪ್ರಾಧಿಕಾರಕ್ಕೂ ಅಧ್ಯಕ್ಷತೆ ಪ್ರಧಾನಿಯದು. 2009ರಲ್ಲಿ ಜರ್ದಾರಿಯವರೇ ಅದನ್ನು ಬಿಟ್ಟುಕೊಟ್ಟರು.

ಪ್ರಧಾನಿಯ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ 2008ರ ಜುಲೈ ನೋಡಿ. ಗುಪ್ತಚರ ಸಂಸ್ಥೆ ಐಎಸ್‌ಐಯನ್ನು ಗೃಹ ಖಾತೆಯಡಿ ತರುವ ಅಧಿಸೂಚನೆಯನ್ನು ಪ್ರಧಾನಿ ಗಿಲಾನಿಯವರ ಸರ್ಕಾರ ಹೊರಡಿಸಿತು. ದಿನ ಕಳೆಯುವುದರೊಳಗೆ ಅದನ್ನು ನುಂಗಿಕೊಳ್ಳಬೇಕಾಯಿತು.

58(2)(ಬಿ) ಎಂಬ ವಿಧಿಯ ಹೆಸರು ಆಗಾಗ ಕೇಳುತ್ತೇವೆ. ಏನದು? (ಸೋಮವಾರಪೇಟೆ)

ಪಾಕಿಸ್ತಾನದ ಅರ್ಧ ರಾಜಕೀಯ ಇತಿಹಾಸ ಈ ಒಂದು ಕಲಮಿನಲ್ಲಿದೆ. 1985ರಲ್ಲಿ ಸೇನಾಡಳಿತದ ಅಧ್ಯಕ್ಷ ಜಿಯಾ ಉಲ್ ಹಕ್ ಎಂಟನೇ ತಿದ್ದುಪಡಿಯಲ್ಲಿ ಇದನ್ನು ತುರುಕಿದರು. ಸರ್ಕಾರ ಸಂವಿಧಾನದಂತೆ ನಡೆಯುತ್ತಿಲ್ಲ ಎಂದು ಅಧ್ಯಕ್ಷರಿಗೆ ಅನ್ನಿಸಿದರೆ ಸಾಕು, ಯಾರ ಸಲಹೆಯೂ ಬೇಡ, ಸಂಸತ್ತಿನ ಕೆಳಮನೆಯಾದ ನ್ಯಾಷನಲ್ ಅಸೆಂಬ್ಲಿಯನ್ನು ವಿಸರ್ಜಿಸಬಹುದು. ಅದರ ಜೊತೆಗೆ ಪ್ರಧಾನಿಯೂ ಮನೆಗೆ.

ಪ್ರತಿ ಸಲವೂ ನಡೆದ ರೀತಿ ಹೆಚ್ಚುಕಡಿಮೆ ಒಂದೇ. ಅಧ್ಯಕ್ಷರ ಆದೇಶ, ಅದರಲ್ಲಿ ಭ್ರಷ್ಟಾಚಾರ, ಅವ್ಯವಸ್ಥೆಯ ಆರೋಪಗಳ ಉದ್ದನೆಯ ಪಟ್ಟಿ, ಉಸ್ತುವಾರಿ ಸರ್ಕಾರ, ಹೊಸ ಚುನಾವಣೆಗೆ ದಿನಾಂಕ. ಆಮೇಲೆ ಕೋರ್ಟು.

ಮೊದಲ ಬಲಿ ಜಿಯಾ ತಾವೇ ಆರಿಸಿ ಕೂರಿಸಿದ್ದ ಮೊಹಮ್ಮದ್ ಖಾನ್ ಜುನೇಜೊ. 1988ರ ಏಪ್ರಿಲ್‌ನಲ್ಲಿ ಜಿಯಾಗೆ ಇಷ್ಟವಿಲ್ಲದಿದ್ದರೂ ಅಫ್ಘಾನಿಸ್ತಾನ ಕುರಿತ ಜಿನೀವಾ ಒಪ್ಪಂದಕ್ಕೆ ಜುನೇಜೊ ಸರ್ಕಾರ ಸಹಿ ಹಾಕಿತು. ಒಂದೂವರೆ ತಿಂಗಳಲ್ಲಿ, ಮೇ 29ಕ್ಕೆ, ವಜಾ. 1990ರ ಆಗಸ್ಟ್ 6ರಂದು ಅಧ್ಯಕ್ಷ ಗುಲಾಂ ಇಶಾಕ್ ಖಾನ್ ಬೆನಜೀರ್ ಭುಟ್ಟೋರನ್ನು ಕಳಿಸಿದರು, 1993ರ ಏಪ್ರಿಲ್ 18ರಂದು ನವಾಜ್ ಷರೀಫರನ್ನು. 1996ರ ನವೆಂಬರ್ 5ರಂದು ಬೆನಜೀರರನ್ನು ಮತ್ತೆ ಕಳಿಸಿದ್ದು ಅವರದೇ ಪಕ್ಷದಿಂದ ಅಧ್ಯಕ್ಷರಾಗಿದ್ದ ಫಾರೂಕ್ ಲೆಘಾರಿ. ನಂಬಿದವರೇ ಕೈಕೊಡುವುದು ಅಧ್ಯಕ್ಷ ಭವನದ ಗುಣವಿರಬೇಕು.

ಕೋರ್ಟಿಗೆ ಹೋದವರ ಗತಿಯೂ ವಿಚಿತ್ರ. ಜುನೇಜೊ ವಜಾ ತಪ್ಪು ಎಂದ ನ್ಯಾಯಾಲಯ ಅಸೆಂಬ್ಲಿಯನ್ನು ಮಾತ್ರ ಮರಳಿಸಲಿಲ್ಲ. 1990 ಮತ್ತು 1996ರ ಆದೇಶಗಳನ್ನು ಎತ್ತಿಹಿಡಿಯಿತು. ಕುರ್ಚಿ ವಾಪಸು ಸಿಕ್ಕಿದ್ದು ನವಾಜ್ ಒಬ್ಬರಿಗೇ, 1993ರ ಮೇ 26ರಂದು. ಅದೂ ಬಾಳಲಿಲ್ಲ. ಅಧ್ಯಕ್ಷ-ಪ್ರಧಾನಿ ಜಗಳ ಹರಿಯದೆ, ಸೇನಾ ಮುಖ್ಯಸ್ಥ ಅಬ್ದುಲ್ ವಹೀದ್ ಕಾಕರ್ ನಡುವೆ ನಿಂತು, ಜುಲೈನಲ್ಲಿ ಇಬ್ಬರೂ ರಾಜೀನಾಮೆ ಕೊಟ್ಟರು.

ಮೂರನೇ ಎರಡರಷ್ಟು ಬಹುಮತ ಬಂದದ್ದೇ ನವಾಜ್ 1997ರಲ್ಲಿ ಈ ಕಲಮನ್ನು ಕಿತ್ತೆಸೆದರು. ಅಧ್ಯಕ್ಷರ ಪೆನ್ನು ಹೋಯಿತು, 1999ರ ಅಕ್ಟೋಬರ್ 12ರಂದು ಸೈನಿಕರೇ ಗೇಟು ಹತ್ತಿದರು. ಆ ದಂಗೆಯಲ್ಲಿ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥ ಮುಷರಫ್ 2003ರಲ್ಲಿ 17ನೇ ತಿದ್ದುಪಡಿ ಮೂಲಕ ಅದನ್ನು ವಾಪಸು ತಂದರು, ವಿಸರ್ಜನೆಯಾದ 15 ದಿನದಲ್ಲಿ ಸುಪ್ರೀಂ ಕೋರ್ಟಿಗೆ ಒಪ್ಪಿಸಬೇಕೆಂಬ ಷರತ್ತಿನೊಂದಿಗೆ. 2010ರ 18ನೇ ತಿದ್ದುಪಡಿಯಲ್ಲಿ ಮತ್ತೆ ಹೋಯಿತು. ಹಾಗಂತ ಪ್ರಧಾನಿಗಳು ಭದ್ರವಾದರು ಅಂದುಕೊಳ್ಳಬೇಡಿ. 2012ರಲ್ಲಿ ಗಿಲಾನಿ, 2017ರಲ್ಲಿ ನವಾಜ್ ಸುಪ್ರೀಂ ಕೋರ್ಟಿನಿಂದ ಅನರ್ಹರಾದರು, 2022ರಲ್ಲಿ ಇಮ್ರಾನ್ ಅವಿಶ್ವಾಸ ನಿರ್ಣಯದಲ್ಲಿ ಬಿದ್ದರು. ಐದು ವರ್ಷದ ಅವಧಿ ಪೂರೈಸಿದ ಪ್ರಧಾನಿ ಅಲ್ಲಿ ಇಲ್ಲಿಯವರೆಗೆ ಒಬ್ಬರೂ ಇಲ್ಲ.

ಅಲ್ಲಿನ ಅಧ್ಯಕ್ಷರ ಚುನಾವಣೆ ನಮ್ಮ ರಾಷ್ಟ್ರಪತಿ ಚುನಾವಣೆಯಂತೆಯೇ? ಪರೀಕ್ಷೆಗೆ ಓದುತ್ತಿದ್ದೇನೆ. (ವಿರಾಜಪೇಟೆ)

ಮತ ಹಾಕುವವರು ಬಹುಪಾಲು ಅದೇ ಬಗೆಯವರು, ತೂಕದ ಲೆಕ್ಕ ಬೇರೆ. ನಮ್ಮಲ್ಲಿ ಶಾಸಕರ ಮತದ ಮೌಲ್ಯ 1971ರ ಜನಸಂಖ್ಯೆಯ ಮೇಲೆ ನಿಂತಿದೆ. ಕರ್ನಾಟಕದ ಶಾಸಕರಿಗೆ 131, ಅಂದರೆ ಮಡಿಕೇರಿ, ವಿರಾಜಪೇಟೆ ಎರಡೂ ಸೇರಿ ಕೊಡಗಿನ ಪಾಲು 262. ಅಲ್ಲಿ ಜನಸಂಖ್ಯೆ ನೋಡುವುದೇ ಇಲ್ಲ. ಅತಿ ಚಿಕ್ಕ ಅಸೆಂಬ್ಲಿ ಬಲೂಚಿಸ್ತಾನದ್ದು, 65 ಸ್ಥಾನ. ನಾಲ್ಕೂ ಪ್ರಾಂತ್ಯಕ್ಕೆ ಅಷ್ಟಷ್ಟೇ ಮತ. 371 ಸ್ಥಾನಗಳ ಪಂಜಾಬನ್ನು 65ರಿಂದ ಭಾಗಿಸಿ: 5.7 ಸದಸ್ಯರಿಗೆ ಒಂದು ಮತ. ಸಿಂಧ್ 168 ಸ್ಥಾನ, ಅಲ್ಲಿ 2.58ಕ್ಕೆ ಒಂದು. ಇದಕ್ಕೆ ನ್ಯಾಷನಲ್ ಅಸೆಂಬ್ಲಿಯ 336, ಸೆನೆಟ್ಟಿನ 96 ಸೇರಿಸಿದರೆ ಒಟ್ಟು 692. ದೇಶದ ಅರ್ಧಕ್ಕೂ ಹೆಚ್ಚು ಜನರಿರುವ ಪಂಜಾಬ್ ಒಂದೇ ಅಧ್ಯಕ್ಷರನ್ನು ಆರಿಸಿಬಿಡಬಾರದು ಎಂಬುದು ಇದರ ಉದ್ದೇಶ. ನಮ್ಮಂತೆ ಪ್ರಾಶಸ್ತ್ಯದ ಮತವೂ ಇಲ್ಲ, ಹೆಚ್ಚು ಮತ ಬಂದವರು ಗೆದ್ದರು. 2024ರ ಮಾರ್ಚ್ 9ರಂದು ಜರ್ದಾರಿಗೆ 411, ಮಹಮೂದ್ ಖಾನ್ ಅಚಕ್‌ಜೈಗೆ 181.

ಅಲ್ಲಿ ಹಿಂದೂ ಒಬ್ಬರು ಅಧ್ಯಕ್ಷರಾಗಬಹುದೇ? (ನಾಪೋಕ್ಲು)

ಆಗದು. 41ನೇ ವಿಧಿಯಂತೆ ಮುಸ್ಲಿಮರೇ ಆಗಿರಬೇಕು, ವಯಸ್ಸು 45 ತುಂಬಿರಬೇಕು. ಆದರೆ 2007ರಲ್ಲಿ ರಾಣಾ ಭಗವಾನ್‌ದಾಸ್ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗಿದ್ದರು.

ನಮ್ಮ ಕಾರ್ಯಪ್ಪನವರೂ ಫೀಲ್ಡ್ ಮಾರ್ಷಲ್, ಮುನೀರೂ ಫೀಲ್ಡ್ ಮಾರ್ಷಲ್. ಎರಡೂ ಒಂದೇ ಪದವಿಯೇ? (ಮಡಿಕೇರಿ)

ಭುಜದ ಮೇಲಿನ ಗುರುತಿಗೆ ಒಂದೇ ಹೆಸರು, ಕೈಯಲ್ಲಿರುವ ಅಧಿಕಾರಕ್ಕೆ ಹೋಲಿಕೆಯೇ ಇಲ್ಲ. ಕಾರ್ಯಪ್ಪನವರು 1949ರಲ್ಲಿ ಸೇನೆಯ ಮುಖ್ಯಸ್ಥರಾದರು, 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಗೌರವ ಬಂದದ್ದು 1986ರಲ್ಲಿ, ಮಡಿಕೇರಿಯ ರೋಶನಾರದಲ್ಲಿ ವಿಶ್ರಾಂತರಾಗಿದ್ದ ಕಾಲಕ್ಕೆ. ಆಗ ಅವರ ಅಧೀನದಲ್ಲಿ ಒಂದು ಪ್ಲಟೂನೂ ಇರಲಿಲ್ಲ.

ಅಲ್ಲಿ ಮೊದಲ ಫೀಲ್ಡ್ ಮಾರ್ಷಲ್ ಅಯೂಬ್ ಖಾನ್. 1958ರಲ್ಲಿ ಅಧಿಕಾರ ಹಿಡಿದು, ಮರುವರ್ಷ ಅಧ್ಯಕ್ಷರಾಗಿದ್ದಾಗಲೇ ಆ ಪದವಿಗೇರಿದರು. ಎರಡನೆಯವರು ಮುನೀರ್, 2025ರ ಮೇ ಸಂಘರ್ಷದ ಬೆನ್ನಿಗೆ. ಆ ವರ್ಷದ ನವೆಂಬರ್‌ನ 27ನೇ ತಿದ್ದುಪಡಿ ಮೂರೂ ಪಡೆಗಳ ಮೇಲೆ ರಕ್ಷಣಾ ಪಡೆಗಳ ಮುಖ್ಯಸ್ಥ ಎಂಬ ಹುದ್ದೆ ಮಾಡಿ ಅದನ್ನು ಸೇನಾ ಮುಖ್ಯಸ್ಥರಿಗೇ ಸೇರಿಸಿತು. ಫೀಲ್ಡ್ ಮಾರ್ಷಲ್ ಸ್ಥಾನ ಜೀವಾವಧಿ. ಅದನ್ನು ಕಿತ್ತುಕೊಳ್ಳಬೇಕಾದರೆ ಅಧ್ಯಕ್ಷರನ್ನು ತೆಗೆಯುವ ವಿಧಾನವನ್ನೇ ಹಿಡಿಯಬೇಕು, ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಮೂರನೇ ಎರಡರಷ್ಟು ಮತ. ಪ್ರಧಾನಿಯನ್ನು ಇಳಿಸಲು ಸರಳ ಬಹುಮತ ಸಾಕು! ಅಧ್ಯಕ್ಷರಿಗೂ ಈ ತಿದ್ದುಪಡಿಯಲ್ಲಿ ಒಂದು ಪಾಲು ಸಿಕ್ಕಿದೆ: ಕ್ರಿಮಿನಲ್ ಮೊಕದ್ದಮೆಗಳಿಂದ ಆಜೀವ ರಕ್ಷಣೆ.

ಭಾರತ ಮಾತಾಡುವುದಾದರೆ ಅಲ್ಲಿ ಯಾರೊಂದಿಗೆ ಮಾತಾಡಬೇಕು? (ಕುಶಾಲನಗರ)

ಹಳೆಯ ಒಪ್ಪಂದಗಳ ಕೊನೆಯ ಪುಟ ತೆಗೆದು, ಪಾಕಿಸ್ತಾನದ ಕಡೆಯ ಸಹಿ ಯಾರದೆಂದು ನೋಡಿ. 1960ರ ಸಿಂಧೂ ಜಲ ಒಪ್ಪಂದ, ಅಧ್ಯಕ್ಷ ಅಯೂಬ್. 1966ರ ತಾಷ್ಕೆಂಟ್, ಅವರೇ. 1972ರ ಶಿಮ್ಲಾ, ಭುಟ್ಟೋ. ಆಗ ಅವರು ಪ್ರಧಾನಿಯಲ್ಲ, ಅಧ್ಯಕ್ಷರು. 2001ರಲ್ಲಿ ಭಾರತದೊಂದಿಗೆ ಮಾತುಕತೆಗೆ ಆಗ್ರಾಕ್ಕೆ ಹೊರಡುವ ಮೂರು ವಾರ ಮುಂಚೆ, ಜೂನ್ 20ರಂದು, ಮುಷರಫ್ ತಮ್ಮನ್ನು ತಾವೇ ಅಧ್ಯಕ್ಷರನ್ನಾಗಿ ಮಾಡಿಕೊಂಡರು. 1973ರ ಸಂವಿಧಾನ ಬಂದ ಮೇಲೆ ಪ್ರಧಾನಿಯ ಸಹಿ ಬಿದ್ದ ದೊಡ್ಡ ಕಾಗದವೆಂದರೆ 1999ರ ಫೆಬ್ರವರಿಯಲ್ಲಿ ನವಾಜ್ ಸಹಿ ಹಾಕಿದ ಲಾಹೋರ್ ಘೋಷಣೆ. ಕೆಲವೇ ತಿಂಗಳಲ್ಲಿ ಕಾರ್ಗಿಲ್, ಅಕ್ಟೋಬರ್‌ನಲ್ಲಿ ಸಹಿ ಹಾಕಿದವರೇ ಸೆರೆಯಲ್ಲಿ.

2025ರ ಮೇ 10ರಂದು ಗುಂಡು ನಿಂತದ್ದಕ್ಕೆ ಅಧ್ಯಕ್ಷರ ಸಹಿಯೂ ಇಲ್ಲ, ಪ್ರಧಾನಿಯ ಸಹಿಯೂ ಇಲ್ಲ. ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನ ಸೇನೆಯ ಕಾರ್ಯಾಚರಣೆ ವಿಭಾಗದ ಮಹಾನಿರ್ದೇಶಕರು ನಮ್ಮ ಮಹಾನಿರ್ದೇಶಕರಿಗೆ ಫೋನ್ ಮಾಡಿದರು. ಸಂಜೆ 5ರಿಂದ ಕದನ ನಿಲ್ಲಿಸುವುದೆಂದು ತೀರ್ಮಾನವಾಯಿತು.