ಸಂಪಾದಕರ ಉತ್ತರ: ನೀರುನಾಯಿ ಕಡಿಮೆಯಾಗಿದೆ ಎಂದು ಹೇಳುವುದು ಹೇಗೆ?

ಉತ್ತರ ಕನ್ನಡದ ಅಳಿವೆ ಊರೊಂದರ ಓದುಗರು ಬರೆದ ಪತ್ರದ ಸಾರ ಇದು: ‘ಕಳೆದ ಚಳಿಗಾಲದಲ್ಲಿ ನಮ್ಮ ಗೆಳೆಯರ ಗುಂಪಿಗೆ ಒಂದೇ ಬೆಳಿಗ್ಗೆ ಏಳು ನೀರುನಾಯಿ ಕಂಡವು. ಈ ವರ್ಷ ಅದೇ ಜಾಗದಲ್ಲಿ ಮೂರೇ. ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ ಎಂದು ಅರಣ್ಯ ಇಲಾಖೆಗೆ ಮನವಿ ಕೊಡಬಹುದೆ? ಪ್ರತಿವರ್ಷ ಎಣಿಸಲು ಸರಿಯಾದ ಕ್ರಮ ಯಾವುದು? ಬಲೆ ಹರಿಯುತ್ತವೆಂದು ಮೀನುಗಾರರ ದೂರೂ ಇದೆ.’

ಮಾನ್ಯರೇ,

ಈ ಎರಡು ಅಂಕಿಗಳನ್ನು ನಂಬಿ ಮನವಿ ಕೊಡಬೇಡಿ. ನೀವು ಕಂಡ ಏಳು ಬಹುಶಃ ಒಂದೇ ಕುಟುಂಬ: ತಂದೆ, ತಾಯಿ, ಬೆಳೆಯುತ್ತಿದ್ದ ಮರಿಗಳು. ಮರಿಗಳು ಬಲಿತು ಬೇರೆ ನೆಲೆ ಹುಡುಕಿಕೊಂಡು ಹೋದರೆ ಹಳೆಯ ಜಾಗದಲ್ಲಿ ಎರಡು ಮೂರು ಉಳಿಯುವುದು ಸಹಜ. ಉಳಿದವು ಆ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಆಚೆ ಇದ್ದಿರಲೂಬಹುದು. ಒಂದು ಬೆಳಗಿನ ನೋಟದಿಂದ ಯಾವುದೂ ತೀರ್ಮಾನವಾಗದು.

ತಲೆ ಎಣಿಸುವುದನ್ನು ಬಿಟ್ಟು ಹಿಕ್ಕೆ, ಹೆಜ್ಜೆಯಂಥ ಗುರುತು ಹುಡುಕಿ. ಹೊಳೆಯ ಎಷ್ಟು ತುಂಡುಗಳಲ್ಲಿ ನೀರುನಾಯಿ ಓಡಾಡುತ್ತಿದೆ ಎಂಬುದು ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ಲೆಕ್ಕ. ದಂಡೆಯನ್ನು ನಕ್ಷೆಯಲ್ಲಿ 600 ಮೀಟರಿನ ತುಂಡುಗಳಾಗಿ ಗುರುತಿಸಿ. ನೀರುನಾಯಿ ಸಮೀಕ್ಷೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ ಇದು. ಅವುಗಳಲ್ಲಿ ಇಪ್ಪತ್ತನ್ನು ಚೀಟಿ ಎತ್ತಿ ಆರಿಸಿ. ‘ಅಲ್ಲಿ ಖಂಡಿತ ಸಿಗುತ್ತದೆ’ ಎಂಬ ಜಾಗಗಳನ್ನೇ ಆರಿಸಿದರೆ ಮೊದಲ ವರ್ಷ ಎಲ್ಲೆಡೆ ಗುರುತು ಸಿಗುತ್ತದೆ. ಆಮೇಲೆ ಇಳಿಕೆ ಮಾತ್ರ ಕಾಣಲು ಸಾಧ್ಯ, ಏರಿಕೆ ಕಾಣುವುದೇ ಇಲ್ಲ.

ಒಂದು ತುಂಡಿಗೆ ಇಬ್ಬರು, ಒಂದು ಋತುವಿನಲ್ಲಿ ಮೂರು ಭೇಟಿ. ಮೂರು ಏಕೆ? ನೀರುನಾಯಿ ಇರುವ ಜಾಗದಲ್ಲೂ ಒಂದು ಭೇಟಿಗೆ ಗುರುತು ಸಿಗುವ ಸಂಭವ ಅರ್ಧದಷ್ಟು ಎಂದಿಟ್ಟುಕೊಳ್ಳಿ. ಮೂರು ಸಲವೂ ಬರಿಗೈಯಲ್ಲಿ ಬರುವ ಸಂಭವ ಎಂಟಕ್ಕೆ ಒಂದು. ಒಂದು ಭೇಟಿಗೆ ಗುರುತು ಸಿಗುವ ಸಂಭವ ನೂರಕ್ಕೆ 30 ಮಾತ್ರ ಆಗಿದ್ದರೆ, ಮೂರು ಭೇಟಿಯ ನಂತರವೂ ನೂರರಲ್ಲಿ 34 ಕಡೆ ಇರುವುದನ್ನು ‘ಇಲ್ಲ’ ಎಂದು ಬರೆದಿರುತ್ತೀರಿ. ಹಾಗಾಗಿ ಏನೂ ಸಿಗದ ಭೇಟಿಯ ಹಾಳೆಯನ್ನೂ ತುಂಬಿ ಇಟ್ಟುಕೊಳ್ಳಬೇಕು. ಗುಂಪುಗಳು ಮೊದಲು ಎಸೆಯುವುದು ಅದನ್ನೇ. ಅದಿಲ್ಲದೆ ಸಂಭವದ ಲೆಕ್ಕ ಕಟ್ಟಲು ಬರುವುದಿಲ್ಲ.

ಕಾಲ ಡಿಸೆಂಬರಿನಿಂದ ಮಾರ್ಚ್. ಮಳೆಗಾಲದಲ್ಲಿ ನೆರೆ ಬಂದು ದಂಡೆ ತೊಳೆದುಹೋಗಿರುತ್ತದೆ. ನಡುವೆ ಅಕಾಲ ಮಳೆ ಸುರಿದು ನೀರು ಏರಿದರೆ, ಇಳಿದ ಮೇಲೂ ಒಂದೆರಡು ವಾರ ಕಾಯಿರಿ. ಅಳಿವೆಯಲ್ಲಿ ಇನ್ನೊಂದು ತೊಡಕು ಇದೆ: ಭರತದ (ಉಬ್ಬರದ) ನೀರು ದಿನಕ್ಕೆರಡು ಸಲ ಕೆಸರನ್ನು ಒರೆಸಿಬಿಡುತ್ತದೆ. ಕೆಸರಲ್ಲಿ ಹೆಜ್ಜೆ ಕಂಡರೆ ಅದು ಈಚಿನ ಕೆಲವೇ ಗಂಟೆಗಳದ್ದು. ಕಾಣದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಭರತದ ಗೆರೆಗಿಂತ ಮೇಲಿರುವ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಟ್ಟೆ, ತೂಬಿನ ಮೇಲ್ಭಾಗ, ಬಂಡೆ, ಸೇತುವೆಯ ಬುಡ, ಎರಡು ಹೊಳೆ ಕೂಡುವ ಮೂಲೆ ಇವನ್ನು ಮೊದಲು ನೋಡಿ. ಕೆಸರು ಆಮೇಲೆ. ನೀರು ಪೂರ್ತಿ ಇಳಿಯುವ ಒಂದೂವರೆ ಗಂಟೆ ಮುಂಚೆ ಹೊರಟರೆ ಎರಡಕ್ಕೂ ಸಮಯ ಸಿಗುತ್ತದೆ.

ಹಿಕ್ಕೆ ಗುರುತಿಸುವುದೇ ಕೆಲಸದ ತಿರುಳು. ಹೊಸತಾದರೆ ಕಪ್ಪಾಗಿ, ಲೋಳೆಯಾಗಿ ಬಂಡೆಗೆ ಅಂಟಿರುತ್ತದೆ. ಬಗ್ಗಿದರೆ ಸಾಕು, ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ. ಹಳತಾದಂತೆ ಬೂದು ಬಣ್ಣಕ್ಕೆ ತಿರುಗಿ, ಕಡ್ಡಿ ತಾಗಿಸಿದೊಡನೆ ಉದುರಿ ಬರೀ ಪೊರೆ, ಮುಳ್ಳು, ಏಡಿ ಚಿಪ್ಪಿನ ಚೂರು ಉಳಿಯುತ್ತದೆ. ನಮ್ಮಲ್ಲಿ ನುಣುಪು ತುಪ್ಪಳದ ದೊಡ್ಡ ನೀರುನಾಯಿ ಮುಖ್ಯವಾಗಿ ಮೀನು ತಿನ್ನುತ್ತದೆ, ಚಿಕ್ಕ ಉಗುರಿನದು ಏಡಿ. ಆದರೆ ದೊಡ್ಡದೂ ಏಡಿ ತಿನ್ನುವುದರಿಂದ ಹಿಕ್ಕೆಯೊಂದನ್ನೇ ನೋಡಿ ಜಾತಿ ಬರೆಯಬೇಡಿ. ಪಟ್ಟೆ ಕುತ್ತಿಗೆಯ ಮುಂಗುಸಿಯೂ ಏಡಿ ತಿನ್ನುತ್ತದೆ, ವಾಸನೆ ಇಲ್ಲದ ಒಣ ಚಿಪ್ಪಿನ ರಾಶಿ ಕಂಡಾಗ ನೆನಪಿರಲಿ. ಇಡೀ ಗುಂಪು ಒಂದೇ ತಾಣದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಹತ್ತು ಗುಡ್ಡೆ ಎಂದರೆ ಹತ್ತು ಪ್ರಾಣಿ ಅಲ್ಲ. ಬರಿಗೈಯಲ್ಲಿ ಮುಟ್ಟಬೇಡಿ.

ಹೆಜ್ಜೆಯಲ್ಲಿ ಮೋಸ ಮಾಡುವುದು ಊರ ನಾಯಿ. ನಾಯಿಗೆ ಮೂಡುವುದು ನಾಲ್ಕು ಬೆರಳು. ನೀರುನಾಯಿಗೆ ಐದು, ಹರಡಿಕೊಂಡು, ಮೆತ್ತನೆ ಕೆಸರಾದರೆ ನಡುವಿನ ಜಾಲಪೊರೆಯ ಸಮೇತ. ಗಟ್ಟಿ ನೆಲದಲ್ಲಿ ಐದನೆಯದು ಮೂಡದೆ ನಾಯಿಯಂತೆಯೇ ಕಾಣುತ್ತದೆ. ಒಂದೇ ಹೆಜ್ಜೆ ಸಿಕ್ಕರೆ ‘ಅನುಮಾನ’ ಎಂದು ಬರೆಯಿರಿ, ಸಾಲು ಸಿಕ್ಕರೆ ಅದರಲ್ಲಿ ಚೆನ್ನಾಗಿ ಮೂಡಿದ್ದರ ಪಕ್ಕ ಸ್ಕೇಲ್ ಇಟ್ಟು ನೇರ ಮೇಲಿಂದ ಫೋಟೊ ತೆಗೆಯಿರಿ. ಓರೆಯಾಗಿ ತೆಗೆದ ಫೋಟೊದಲ್ಲಿ ಅಳತೆ ನಿಲ್ಲುವುದಿಲ್ಲ. ಹಾಳೆಯಲ್ಲಿ ದಿನಾಂಕ, ಹೊರಟ ಮತ್ತು ಮುಗಿಸಿದ ಹೊತ್ತು, ನೀರಿನ ಮಟ್ಟ, ನಡೆದವರು ಯಾರು, ಗುರುತು ಹೊಸತೋ ಹಳತೋ, ಸುತ್ತ ಮರಳು ತೆಗೆಯುವುದು, ತೋಟೆ (ಮೀನು ಹಿಡಿಯಲು ಸಿಡಿಮದ್ದು) ಹಾಕುವುದು, ನಾಯಿ ಹಿಂಡು ಏನಿದೆ ಎಂಬುದು ಇರಲಿ. ಕ್ಯಾಮೆರಾ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ವರ್ಷ ಬೇಡ. ಅರಣ್ಯ ಜಾಗದಲ್ಲಾದರೆ ಇಲಾಖೆಯ ಅನುಮತಿಯಿಲ್ಲದೆ ಎಂದೂ ಬೇಡ.

ಬಲೆಯ ದೂರನ್ನು ತಳ್ಳಿಹಾಕಬೇಡಿ, ನಷ್ಟ ನಿಜವೇ. ಹೊಳೆಗೆ ಅಡ್ಡ ಕಟ್ಟಿ ರಾತ್ರಿಯಿಡೀ ಬಿಟ್ಟ ಬಲೆಯಲ್ಲಿ ಒದ್ದಾಡುವ ಮೀನು ನೀರುನಾಯಿಯನ್ನು ಕರೆಯುತ್ತದೆ. ಉಸಿರಿಗೆ ಮೇಲೆ ಬರಲೇಬೇಕಾದ ಪ್ರಾಣಿ, ಸಿಕ್ಕಿಕೊಂಡರೆ ಮುಳುಗಿ ಸಾಯುತ್ತದೆ. ಬಲೆ ಹಾಕಿದವರು ಹತ್ತಿರವೇ ಇದ್ದು ಬೇಗ ಬೇಗ ಎತ್ತಿದರೆ ಎರಡೂ ಕಡೆಯ ನಷ್ಟ ತಗ್ಗುತ್ತದೆ. ಹರಿದ ದಿನ, ಜಾಗ, ಬಲೆಯ ಕಣ್ಣಿನ ಅಳತೆಯನ್ನು ಅವರಿಂದಲೇ ಬರೆಸಿಕೊಳ್ಳಿ. ಹೊಳೆಯನ್ನು ದಿನವೂ ನೋಡುವವರು ಅವರು, ಸಮೀಕ್ಷೆಗೂ ಅವರನ್ನೇ ಕರೆದುಕೊಳ್ಳಿ.

ಮನವಿಯ ಮಾತು. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಂಥದ್ದನ್ನು ಕೇಳಬೇಕಾದರೆ ಯಾವ ತುಂಡಿನಲ್ಲಿ ಯಾವಾಗ ಏನು ಸಿಕ್ಕಿತು ಎಂಬ ಎರಡು ಮೂರು ಋತುಗಳ ಹಾಳೆ ಕೈಯಲ್ಲಿರಬೇಕು. ಹಾಳೆಗಳನ್ನು ವಲಯ ಅರಣ್ಯಾಧಿಕಾರಿಗೆ ಕೊಡಿ, ಫೇಸ್‌ಬುಕ್ಕಿಗೆ ಬೇಡ. ಎರಡೂ ಜಾತಿಯ ನೀರುನಾಯಿಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು, ಕಾಡುಜೀವಿಗಳ ವ್ಯಾಪಾರವನ್ನು ದೇಶಗಳ ನಡುವೆ ನಿಯಂತ್ರಿಸುವ ಸೈಟಿಸ್ ಒಪ್ಪಂದ 2019ರಲ್ಲಿ ನಿಷೇಧಿಸಿದ್ದರೂ ತುಪ್ಪಳಕ್ಕೂ ಮರಿಗೂ ಕಳ್ಳ ಗಿರಾಕಿಗಳಿದ್ದಾರೆ. ಪತ್ರಿಕೆಗೆ ಬರೆಯುವಾಗ ತಾಲ್ಲೂಕಿನ ಹೆಸರು ಸಾಕು, ಮತ್ತು ಫೋಟೊದೊಳಗೆ ಮೊಬೈಲ್ ಸೇರಿಸಿರುವ ಜಾಗದ ಮಾಹಿತಿಯನ್ನು ಅಳಿಸಿ ಕಳಿಸಿ.