ಕೊಡಗಿನ ನಮ್ಮೂರ ಸರ್ಕಾರಿ ಶಾಲೆಗೆ ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟುವುದು ಹೇಗೆ?

ಹಣದಿಂದ ಶುರು ಮಾಡಬೇಡಿ, ಹೆಸರುಗಳಿಂದ ಶುರು ಮಾಡಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಹಳೆಯ ದಾಖಲಾತಿ ಪುಸ್ತಕದ ಮುಂದೆ ಕುಳಿತುಕೊಳ್ಳಿ. ನಮ್ಮ ಶಾಲೆಯಲ್ಲಿ ಅದರ ಅಂಚನ್ನು ಗೆದ್ದಲು ತಿಂದಿತ್ತು. ಆದರೂ ತಂದೆಯ ಹೆಸರು, ಊರು ಓದುತ್ತಿದ್ದಂತೆ ‘ಇವನು ಈಗ ಸೇನೆಯಲ್ಲಿದ್ದಾನೆ’, ‘ಇವಳನ್ನು ಸಿದ್ದಾಪುರಕ್ಕೆ ಕೊಟ್ಟಿದ್ದಾರೆ’ ಎಂದು ಪಕ್ಕದಲ್ಲಿದ್ದವರು ಹೇಳುತ್ತಾ ಹೋದರು. ಎರಡೇ ಸಂಜೆಗಳಲ್ಲಿ ಪಟ್ಟಿ ಬೆಳೆಯಿತು. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬಂದು ಓದಿದವರನ್ನು ದಯವಿಟ್ಟು ಬಿಡಬೇಡಿ, ಶಾಲೆ ಅವರದೂ ಹೌದು.

ಮೊದಲ ಸಭೆ ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ಆಸುಪಾಸಿನಲ್ಲಿರಲಿ. ಬೆಂಗಳೂರು, ಮೈಸೂರಿನಲ್ಲಿರುವವರು ಆಗ ಊರಿಗೆ ಬರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಾಗಲಿ, ಕಾಫಿ ಕೊಯ್ಲಿನ ಭರದಲ್ಲಾಗಲಿ ಜನ ಸೇರುವುದು ಕಷ್ಟ.

ಹಣ ಸಂಗ್ರಹಿಸುವ ಮೊದಲು ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಸದಸ್ಯರಿದ್ದರೆ ಸಾಕು. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಬೇಕು. 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಇಲ್ಲ. ವಿದೇಶಿ ಪೌರತ್ವ ಪಡೆದ ಸಹಪಾಠಿಗಳ ಹಣವನ್ನು ವಿದೇಶಿ ದೇಣಿಗೆ ಕಾಯ್ದೆಯ ಅನುಮತಿಯಿಲ್ಲದೆ ಮುಟ್ಟಲೇಬೇಡಿ.

ಏನು ಕೊಡಬೇಕೆಂದು ನೀವೇ ತೀರ್ಮಾನಿಸಬೇಡಿ, ಶಾಲಾಭಿವೃದ್ಧಿ ಸಮಿತಿಯನ್ನು ಕೇಳಿ. ನಾವು ವೇದಿಕೆ ಕಟ್ಟಿಸಲು ಹೊರಟಿದ್ದೆವು; ಅವರು ಕೇಳಿದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು. ಅದನ್ನೇ ಮಾಡಿಸಿ, ಪೈಪಿನಿಂದ ಹಿಡಿದು ಕೂಲಿಯವರೆಗಿನ ರಸೀದಿಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದೆವು. ಮರುವರ್ಷ ಕೇಳುವ ಮೊದಲೇ ಹಣ ಬಂದಿತು.