ಕೊಡಗಿನಲ್ಲಿ ದೌರ್ಜನ್ಯಕ್ಕೊಳಗಾದ ಹೆಂಗಸರ ಜೊತೆ ಕೌನ್ಸೆಲಿಂಗ್ ಇಂಟರ್ನ್‌ಶಿಪ್ ಮಾಡುವುದು ಹೇಗೆ?

ಮೈಸೂರಿನಲ್ಲಿ ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ ಓದುತ್ತಿದ್ದೀರಿ, ಊರು ಸೋಮವಾರಪೇಟೆ ಕಡೆ. ಎಂಟು ವಾರದ ಇಂಟರ್ನ್‌ಶಿಪ್ಪನ್ನು ಊರಲ್ಲೇ ಮಾಡಬೇಕೆಂದಿದ್ದೀರಿ. ಎಲ್ಲಿ ಕೇಳಬೇಕು, ಏನು ತಿಳಿದುಕೊಂಡು ಹೋಗಬೇಕು ಎಂಬುದು ಪ್ರಶ್ನೆ. ನನ್ನ ಉತ್ತರ: ಕೊಡಗಿನಲ್ಲೇ ಮಾಡಿ, ಆದರೆ ಸೋಮವಾರಪೇಟೆಯಲ್ಲಿ ಬೇಡ.

ನಮ್ಮಲ್ಲಿ ಪರಿಚಯ ಶುರುವಾಗುವುದೇ 'ಯಾರ ಮನೆಯವರು?' ಎಂಬಲ್ಲಿಂದ. ಮನೆಹೆಸರು ಹೇಳಿದ ಕೂಡಲೇ ಊರು, ತೋಟ, ನೆಂಟಸ್ತನ ಎಲ್ಲ ಬಿಚ್ಚಿಕೊಳ್ಳುತ್ತದೆ. ಎದುರು ಕೂತ ಹೆಂಗಸಿಗೆ ನಿಮ್ಮ ಚಿಕ್ಕಮ್ಮನ ಗುರುತು ಸಿಕ್ಕಿತೆಂದರೆ ಅವರು ಹಾಲು, ಮಳೆ, ಮಕ್ಕಳ ಶಾಲೆ ಮಾತಾಡಿ ಎದ್ದು ಹೋಗುತ್ತಾರೆ. ಮಡಿಕೇರಿ ಅಥವಾ ವಿರಾಜಪೇಟೆ ಆರಿಸಿಕೊಳ್ಳಿ. ಕಾಲೇಜಿಗೆ ಕೊಡುವ ಕೇಸ್ ವರದಿಗೂ ಇದೇ ಲೆಕ್ಕ. ಹೆಸರು ತೆಗೆದು 'ಎಕ್ಸ್' ಎಂದು ಹಾಕಿದರೆ ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಸಾಲದು. ತೋಟದ ಹೆಸರು, ಗ್ರಾಮ, ಮಕ್ಕಳ ಸಂಖ್ಯೆ, ಗಂಡನ ಕೆಲಸ ಇವೂ ಹೋಗಬೇಕು. ಲೈಂಗಿಕ ಅಪರಾಧವಾದರೆ ಸಂತ್ರಸ್ತೆಯ ಗುರುತು ಸಿಗುವಂತೆ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ.

ಕೇಳಬೇಕಾದ ಮೊದಲ ಜಾಗ ಸಖಿ ಒನ್ ಸ್ಟಾಪ್ ಸೆಂಟರ್. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಈ ಯೋಜನೆಯಲ್ಲಿ ವೈದ್ಯಕೀಯ ನೆರವು, ಪೊಲೀಸ್, ವಕೀಲರು, ಆಪ್ತಸಮಾಲೋಚನೆ, ಐದು ದಿನದವರೆಗಿನ ತಂಗುವ ವ್ಯವಸ್ಥೆ ಒಂದೇ ಕಡೆ ಇರಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಕಾಲೇಜಿನ ಪತ್ರ, ದಿನಾಂಕಗಳು, ಮೇಲ್ವಿಚಾರಣೆ ಮಾಡುವ ಅಧ್ಯಾಪಕರ ಹೆಸರು, ಗೌಪ್ಯತೆಯ ಮುಚ್ಚಳಿಕೆ ಸೇರಿಸಿ ಅರ್ಜಿ ಕೊಡಿ. ಕನಿಷ್ಠ ಆರು ವಾರ ಮುಂಚೆ ಕೊಡಿ, ಕಡತ ನಿಧಾನವಾಗಿಯೇ ನಡೆಯುವುದು. ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳನ್ನೂ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ವಿಚಾರಿಸಬಹುದು.

ತಿಂಗಳು ನೋಡಿ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಡಿಸೆಂಬರ್‌ನಿಂದ ಕಾಫಿ ಕುಯ್ಲು. ಒಂದು ದಿನದ ಕೂಲಿ ಬಿಟ್ಟು ತೋಟದ ಹೆಂಗಸರು ಬರುವುದು ಕಷ್ಟ. ಏಪ್ರಿಲ್, ಮೇ ವಾಸಿ.

ಇನ್ನು ಕೆಲಸ. ಟ್ರಾಮಾ ಥೆರಪಿ ಮಾಡುತ್ತೇನೆ ಎಂದುಕೊಂಡು ಹೋಗಬೇಡಿ. ಇವತ್ತು ರಾತ್ರಿ ಅದೇ ಮನೆಗೆ ಮರಳುವವರ ಹಳೆಯ ನೋವನ್ನು ಕೆದಕುವುದು ತಪ್ಪು. ಮೊದಲ ಎರಡು ವಾರ ಕೂತು ನೋಡಿ, ರಿಜಿಸ್ಟರ್‌ಗಳನ್ನು ಓದಿ, ಆಸ್ಪತ್ರೆಗೂ ಕೋರ್ಟಿಗೂ ಜೊತೆಗೆ ಹೋಗಿ. ಆಮೇಲೆ ಅಲ್ಲಿನ ಆಪ್ತಸಮಾಲೋಚಕಿಯ ಪಕ್ಕದಲ್ಲೇ ಕೂತು ಮಾತಾಡಿ. ಒಬ್ಬರೇ ಮಾತಾಡುವುದು ಐದನೇ ವಾರದ ನಂತರ, ಅದೂ ಅಪಾಯ ಕಡಿಮೆ ಇರುವ ಮುಂದುವರಿದ ಭೇಟಿಗಳಲ್ಲಿ ಮಾತ್ರ.

ಅಪಾಯ ಅಳೆಯುವುದನ್ನು ಮಾತ್ರ ಚೆನ್ನಾಗಿ ಕಲಿತು ಹೋಗಿ. ಕುತ್ತಿಗೆ ಹಿಸುಕಿದ್ದುಂಟೇ? ಕೊಲ್ಲುತ್ತೇನೆಂದು ಹೆದರಿಸಿದ್ದುಂಟೇ? ಹೊಡೆತ ಇತ್ತೀಚೆಗೆ ಹೆಚ್ಚಾಗಿದೆಯೇ? ಬಸುರಿಯಾಗಿದ್ದಾಗ ಹೊಡೆದನೇ? ಬಿಟ್ಟು ಹೋಗುತ್ತೇನೆಂದು ಅವನಿಗೆ ಹೇಳಿಬಿಟ್ಟಿದ್ದಾರೆಯೇ? ಕೊನೆಯದನ್ನು ಮರೆಯಬೇಡಿ, ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ್ದು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತು ಇಲ್ಲದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ದನಿ ಒಡೆದಿದ್ದರೆ, ನುಂಗಲು ನೋವಿದ್ದರೆ ಕಾಯಬೇಡಿ.

ಪಠ್ಯದಲ್ಲಿ ಇಲ್ಲದ, ಇಲ್ಲಿಗೇ ಸೇರಿದ ಪ್ರಶ್ನೆ ಒಂದಿದೆ: ಮನೆಯಲ್ಲಿ ಕೋವಿ ಇದೆಯೇ? ಕೊಡವರಿಗೂ ಜಮ್ಮಾ (ಇಲ್ಲಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಇರುವುದರಿಂದ ಅದು ಅನೇಕ ಮನೆಗಳಲ್ಲಿ ಸಹಜವಾಗಿಯೇ ಇರುತ್ತದೆ. ಜಾತಿ ನೋಡಿ ಕೇಳಬೇಡಿ, ಎಲ್ಲರನ್ನೂ ಕೇಳಿ: ಎಲ್ಲಿಟ್ಟಿದ್ದಾರೆ, ತೋಟೆ ಎಲ್ಲಿ, ಬೀಗದ ಕೈ ಯಾರ ಹತ್ತಿರ, ಅದನ್ನು ತೋರಿಸಿ ಹೆದರಿಸಿದ್ದಾನೆಯೇ. ಹೌದೆಂದರೆ ಅದೇ ಗಳಿಗೆಯಲ್ಲಿ ಸಂರಕ್ಷಣಾಧಿಕಾರಿಗೆ, ಅಂದರೆ ಕೌಟುಂಬಿಕ ದೌರ್ಜನ್ಯದ ದೂರು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಗೆ, ಹೇಳಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 2006ರ ನಿಯಮಗಳ ಪ್ರಕಾರ, ಕೋರ್ಟು ನಿರ್ದೇಶಿಸಿದರೆ ಆಯುಧ ವಶಪಡಿಸಿಕೊಳ್ಳುವ ಕ್ರಮಕ್ಕೆ ಅವಕಾಶವಿದೆ. ಕಳೆನಾಶಕ, ಕೀಟನಾಶಕದ ಡಬ್ಬ ಎಲ್ಲಿದೆ ಎಂದೂ ಕೇಳಿ. ಅದು ಗಂಡನ ಭಯದಿಂದಲ್ಲ, ಹೆಂಗಸೇ ಜೀವ ಕಳೆದುಕೊಳ್ಳುವ ಯೋಚನೆಯಲ್ಲಿರಬಹುದು ಎಂದು.

ಲೈನ್ ಮನೆಗಳಿಂದ, ಅಂದರೆ ತೋಟದ ಆಳುಗಳ ಸಾಲುಮನೆಗಳಿಂದ, ಬರುವವರ ಲೆಕ್ಕ ಬೇರೆ. ಎರಡು ಮನೆಗಳ ನಡುವೆ ಒಂದೇ ಗೋಡೆ, ಅಲ್ಲಿ ಹೋಗಿ ಮಾತಾಡಿಸಿದರೆ ಇಡೀ ಲೈನಿಗೆ ಕೇಳುತ್ತದೆ. ಗಂಡಹೆಂಡತಿ ಇಬ್ಬರೂ ಒಂದೇ ತೋಟದ ಆಳುಗಳಾದರೆ ಗಂಡನನ್ನು ಬಿಡುವುದೆಂದರೆ ಸೂರು, ಕೂಲಿ ಎರಡನ್ನೂ ಬಿಡುವುದು; ಮೇಲೆ ಅಡ್ವಾನ್ಸ್ ತೀರಿಸುವ ಬಾಕಿಯೂ ಇರಬಹುದು. 'ನೀವು ಯಾಕೆ ಬಿಟ್ಟು ಬರಲಿಲ್ಲ' ಎಂದು ಕೇಳುವ ಮುಂಚೆ ಇದನ್ನು ಲೆಕ್ಕ ಹಾಕಿ. ಯರವ, ಜೇನುಕುರುಬ, ತಮಿಳು, ಮಲಯಾಳಂ, ಅಸ್ಸಾಮಿ ಮಾತಾಡುವವರು ಬರುತ್ತಾರೆ. ಮೇಸ್ತ್ರಿಯನ್ನೋ ತೋಟದ ಲೆಕ್ಕ ಬರೆಯುವ ರೈಟರನ್ನೋ ಅನುವಾದಕ್ಕೆ ಕೂರಿಸಿಕೊಂಡರೆ ಸಂಜೆಯೊಳಗೆ ವಿಷಯ ಗಂಡನ ಕಿವಿಗೆ ಬಿದ್ದಿರುತ್ತದೆ. ಮಕ್ಕಳಿಂದಲಂತೂ ಮಾಡಿಸಲೇಬಾರದು. ಅಪಾಯ ಬಂದರೆ ಮನೆ ಬಿಟ್ಟು ಹೊರಡುವುದು ಹೇಗೆಂದು ಆಕೆಯ ಜೊತೆ ಕೂತು ಮಾಡುವ ಸುರಕ್ಷತಾ ಯೋಜನೆಯಲ್ಲಿ ಕೊನೆಯ ಬಸ್ಸಿನ ಹೊತ್ತು, ತೋಟದಿಂದ ಡಾಂಬರು ರಸ್ತೆಗೆ ಎಷ್ಟು ನಡೆಯಬೇಕು, ಆಧಾರ್ ಮತ್ತು ರೇಷನ್ ಕಾರ್ಡ್ ಯಾರ ಬಳಿ ಇಡುವುದು ಎಂಬುದೆಲ್ಲ ಬರೆದಿರಬೇಕು. ಆದರೆ ಆ ಕಾಗದ ಅವರ ಕೈಯಲ್ಲಿ ಇರಬಾರದು, ಬಾಯಿಪಾಠವಾಗಿರಬೇಕು.

ಫೋನು ನಿಮ್ಮ ನಂಬರಿನಿಂದ ಮಾಡಬೇಡಿ. ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ: ಯಾವ ಹೊತ್ತಿಗೆ ಮಾಡಬಹುದು, ಬೇರೆಯವರು ಎತ್ತಿದರೆ ಏನೂ ಹೇಳದೆ ಇಡಬೇಕೇ? ವಾಟ್ಸ್ಆಪ್ ಸಂದೇಶ ಬೇಡವೇ ಬೇಡ.

ಹೆಚ್ಚು ಎಡವುವುದು ರಾಜಿ ಮಾಡಿಸುವಲ್ಲಿ. ಗಂಡನನ್ನು ಕರೆಸಿ ಇಬ್ಬರನ್ನೂ ಎದುರುಬದುರು ಕೂರಿಸಿ 'ಹೊಂದಿಕೊಂಡು ಹೋಗಿ' ಎಂದು ಕಳಿಸುವುದಕ್ಕೆ ಎಷ್ಟೋ ಕಡೆ ಕೌನ್ಸೆಲಿಂಗ್ ಎಂದೇ ಹೆಸರು. ಹೊಡೆತ ನಿಲ್ಲದ ಮನೆಯವರಿಗೆ ಜೋಡಿ ಕೌನ್ಸೆಲಿಂಗ್ ಸಲ್ಲದು. ಅಲ್ಲಿ ಬಾಯಿಬಿಟ್ಟ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 14ನೇ ಕಲಮಿನಡಿ ಕೋರ್ಟೇ ಕೌನ್ಸೆಲಿಂಗಿಗೆ ಕಳಿಸಬಹುದು, ಆದರೆ ಅದನ್ನು ನಡೆಸಲು ನಿಗದಿತ ಅರ್ಹತೆ, ಅನುಭವ ಬೇಕು. ಅದು ವಿದ್ಯಾರ್ಥಿಯ ಕೆಲಸವಲ್ಲ. ನಿಮ್ಮನ್ನು ಅಂಥ ಸಭೆಯಲ್ಲಿ ಕೂರಿಸಿದರೆ ಬಾಯಿ ತೆರೆಯದೆ ಗಮನಿಸಿ, ಆ ವಾರದ ಮೇಲ್ವಿಚಾರಣೆಯಲ್ಲಿ ಎತ್ತಿ. ವಾರಕ್ಕೊಂದು ಗಂಟೆ ಮೇಲ್ವಿಚಾರಣೆ ಇರಲೇಬೇಕು, ಅದೂ ಕೌನ್ಸೆಲಿಂಗ್ ಗೊತ್ತಿರುವವರಿಂದ. ಜಿಲ್ಲೆಯಲ್ಲಿ ಸಿಗದಿದ್ದರೆ ಕಾಲೇಜಿನ ಅಧ್ಯಾಪಕರ ಜೊತೆ ಫೋನಿನಲ್ಲಿ ನಿಗದಿ ಮಾಡಿಕೊಳ್ಳಿ. ಇದಕ್ಕೆ ಒಪ್ಪದ ಕಡೆ ಸೇರಬೇಡಿ.

ಮಾತು ಶುರುವಾಗುವ ಮೊದಲೇ ಗುಟ್ಟಿನ ಮಿತಿ ಹೇಳಿ. ಹದಿನೆಂಟು ತುಂಬದವರ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಹೊಣೆ, ಇಂಟರ್ನ್ ಎಂದು ವಿನಾಯಿತಿ ಇಲ್ಲ. ಹುಡುಗಿ ಎಲ್ಲ ಹೇಳಿಯಾದ ಮೇಲೆ ಇದನ್ನು ತಿಳಿಸಿದರೆ ಮೋಸ ಮಾಡಿದಂತೆ. ಅತ್ಯಾಚಾರವಾಗಿ 72 ಗಂಟೆ ಕಳೆದಿಲ್ಲದಿದ್ದರೆ ಮಾತುಕತೆ ಆಮೇಲೆ, ಆಸ್ಪತ್ರೆ ಮೊದಲು: ಎಚ್‌ಐವಿ ತಡೆಯುವ ಔಷಧಿ ಆ ಗಡುವಿನೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಚಿಕಿತ್ಸೆ ಉಚಿತ, ಎಫ್‌ಐಆರ್ ತನ್ನಿ ಎಂದು ಕಾಯಿಸುವಂತಿಲ್ಲ.

ಟಿಪ್ಪಣಿ ಬರೆಯುವಾಗ ಆಕೆ ಹೇಳಿದ್ದನ್ನು ಆಕೆಯ ಮಾತಲ್ಲೇ ಬರೆಯಿರಿ, ನಿಮ್ಮ ಊಹೆ ಸೇರಿಸಬೇಡಿ. ವಕೀಲರ ಹಾಗೆ ನಮಗೆ ಕಾನೂನಿನ ರಕ್ಷಣೆ ಇಲ್ಲ, ಕೋರ್ಟು ಕೇಳಿದರೆ ಆ ಹಾಳೆ ಎದುರು ಪಕ್ಷದ ಕೈಗೂ ಹೋಗಬಹುದು.

ನೀವು ಹೊರಡುವ ದಿನಾಂಕವನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಏಳನೇ ವಾರದಲ್ಲಿ ಅಲ್ಲಿನ ಕಾಯಂ ಆಪ್ತಸಮಾಲೋಚಕಿಯನ್ನು ಜೊತೆಗೆ ಕೂರಿಸಿಕೊಂಡು ಒಪ್ಪಿಸಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416 ಆಕೆಗೆ ಬಾಯಲ್ಲೇ ಬರುತ್ತವೆಯೇ ಎಂದು ಒಮ್ಮೆ ಹೇಳಿಸಿ ನೋಡಿ. ನಿಮ್ಮ ಸ್ವಂತ ನಂಬರ್ ಕೊಟ್ಟು ಬರಬೇಡಿ.